ಅನ್ನದ ಅಕ್ಕಿಯಲ್ಲಿ ಉಳಿಯುವ ಕೀಟನಾಶಕ: ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯಲ್ಲಿ ಕೀಟನಾಶಕದ ಮಾತು ಎಂಡೋಸಲ್ಫಾನಿನಿಂದ ಆರಂಭವಾಗಿ ಬಹುತೇಕ ಅಲ್ಲಿಯೇ ಮುಗಿಯುತ್ತದೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಫಲವನ್ನು ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮೊದಲಾದ ಪಂಚಾಯತುಗಳ ಎಷ್ಟೋ ಕುಟುಂಬಗಳು ಇಂದಿಗೂ ಉಣ್ಣುತ್ತಿರುವಾಗ ಅದು ಸಹಜವೇ ಆಗಿದೆ. ಆದರೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ತಯಾರಿ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಹಿಡಿದ ಮೇಲೆ, ಕೀಟನಾಶಕದ ಸಮಸ್ಯೆಯೇ ತೀರಿತೆಂಬ ಭಾವನೆಯೊಂದು ನಮ್ಮಲ್ಲಿ ಬೆಳೆದಿದೆ. ಉಳಿದ ಆತಂಕವೆಲ್ಲ ಗಡಿಯಾಚೆಯಿಂದ ಬರುವ ತರಕಾರಿಯ ಮೇಲೆ ಹೋಗುತ್ತದೆ. ದಿನಕ್ಕೆ ಎರಡು ಮೂರು ಹೊತ್ತು ತಟ್ಟೆಗೆ ಬೀಳುವ ಅಕ್ಕಿಯನ್ನು, ರಾತ್ರಿಯ ಚಪಾತಿಯ ಗೋಧಿಯನ್ನು ಯಾರೂ ಹಾಗೆ ಸಂಶಯದಿಂದ ನೋಡುವುದಿಲ್ಲ.

ಧಾನ್ಯದಲ್ಲಿ ಕೀಟನಾಶಕದ ಶೇಷ ಇರುವುದು ಹೊಸ ಸಂಗತಿಯೇನಲ್ಲ, ಅದರ ಇತಿಹಾಸದಲ್ಲಿ ಕೇರಳಕ್ಕೆ ದುಃಖದ ಸ್ಥಾನವೊಂದು ಇದೆ. 1958ರಲ್ಲಿ, ರಾಜ್ಯ ರೂಪುಗೊಂಡು ಎರಡು ವರ್ಷವೂ ಸರಿಯಾಗಿ ಆಗದಿದ್ದ ಕಾಲದಲ್ಲಿ, ಸಾಗಾಟದ ವೇಳೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಗಲಿದ್ದ ಗೋಧಿ ಹಿಟ್ಟನ್ನು ತಿಂದು ಇಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ವಿಚಾರಣೆಯಿಂದ ಹೊರಟ ಶಿಫಾರಸುಗಳೇ ಮುಂದೆ 1968ರ ಕೀಟನಾಶಕ ಕಾಯಿದೆಗೆ ದಾರಿಯಾದವು. ಗಮನಿಸಬೇಕಾದುದು ಏನೆಂದರೆ, ಆ ವಿಷ ಯಾವ ರೈತನ ಗದ್ದೆಯಿಂದಲೂ ಬಂದದ್ದಲ್ಲ. ಆಹಾರವನ್ನೂ ವಿಷವನ್ನೂ ಒಟ್ಟಿಗೆ ಸಾಗಿಸಿದ್ದರಿಂದ ಬಂದದ್ದು. ಧಾನ್ಯದ ವಿಷಯದಲ್ಲಿ ಕೊಯ್ಲಿಗೆ ಮೊದಲು ಏನಾಯಿತು ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕೊಯ್ಲಿನ ಆಮೇಲೆ ಏನಾಯಿತು ಎಂಬುದು ಮುಖ್ಯ. ಈ ಮಾರ್ಗದರ್ಶಿ ಅದೇ ನೋಟದಿಂದ ಮುಂದುವರಿಯುತ್ತದೆ.

ಅಕ್ಕಿ ಬಂದ ದಾರಿಯನ್ನು ತಿಳಿಯುವುದು

ಮನೆಗೆ ಬರುವ ಅಕ್ಕಿಯನ್ನು ಮೊದಲು ಮೂಲದ ಪ್ರಕಾರ ಬೇರ್ಪಡಿಸಿ ನೋಡಬೇಕು, ಏಕೆಂದರೆ ಒಂದೊಂದರ ಅಪಾಯವೂ ಪರಿಹಾರವೂ ಬೇರೆ ಬೇರೆ.

ರೇಷನ್ ಅಂಗಡಿಯ ಅಕ್ಕಿ ಬಹುತೇಕ ಹೊರರಾಜ್ಯಗಳಲ್ಲಿ ಬೆಳೆದು, ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ ತಿಂಗಳುಗಟ್ಟಲೆ ಇದ್ದು ಬಂದದ್ದು. ಗೋದಾಮಿನಲ್ಲಿ ಎರಡು ಬಗೆಯ ಉಪಚಾರ ನಡೆಯುತ್ತದೆ. ಮೊದಲನೆಯದು, ಗೋಡೆ, ನೆಲ ಮತ್ತು ಚೀಲಗಳ ಹೊರಮೈಗೆ ಮೆಲಾಥಿಯಾನ್ ಅಥವಾ ಡೆಲ್ಟಾಮೆಥ್ರಿನ್ ಸಿಂಪಡಿಸುವುದು. ಎರಡನೆಯದು, ಚೀಲಗಳ ಅಟ್ಟಿಯನ್ನು ದಪ್ಪ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಇಡುವುದು. ಈ ಮಾತ್ರೆ ಗಾಳಿಯ ತೇವದೊಡನೆ ಸೇರಿ ಫಾಸ್ಫೀನ್ ಅನಿಲವನ್ನು ಬಿಡುತ್ತದೆ; 3 ಗ್ರಾಮಿನ ಒಂದು ಮಾತ್ರೆಯಿಂದ 1 ಗ್ರಾಂ ಅನಿಲ ಹೊರಡುತ್ತದೆ. ಅನಿಲ ಕಾಳಿನ ಒಳಗಿರುವ ಹುಳವನ್ನೂ ಮೊಟ್ಟೆಯನ್ನೂ ಕೊಲ್ಲುತ್ತದೆ, ಹಾಳೆ ತೆಗೆದು ಗಾಳಿಯಾಡಿಸಿದರೆ ಹೊರಟುಹೋಗುತ್ತದೆ. ಸರಿಯಾಗಿ ಮಾಡಿದ ಧೂಮೀಕರಣದಲ್ಲಿ ಅಕ್ಕಿಯಲ್ಲಿ ಉಳಿಯುವುದು ಅತ್ಯಲ್ಪ. ಹಾಳೆ ತೆಗೆದ ಬೆನ್ನಿಗೇ ಗಾಳಿಯಾಡಿಸದೆ ಲಾರಿಗೆ ತುಂಬಿದಾಗ, ಅಥವಾ ಪೂರ್ತಿ ಕರಗದ ಮಾತ್ರೆಯ ಬೂದಿ ಚೀಲಗಳ ನಡುವೆ ಬಿದ್ದುಕೊಂಡಾಗ ತೊಂದರೆ ಬರುತ್ತದೆ.

ಅಂಗಡಿಯಿಂದ ಕೊಳ್ಳುವ ಪ್ಯಾಕೆಟ್ ಅಕ್ಕಿಯದೂ ಹೆಚ್ಚುಕಡಿಮೆ ಇದೇ ಕಥೆ, ಆದರೆ ಅದರ ಗೋದಾಮಿನ ಮೇಲೆ ನಿಗಾ ಎಷ್ಟಿತ್ತೆಂದು ನಮಗೆ ಕಾಣುವುದಿಲ್ಲ. ಇನ್ನು ನಮ್ಮ ಬೈಲುಗಳಲ್ಲೇ ಬೆಳೆದ ಏಣೆಲು, ಸುಗ್ಗಿ ಬೆಳೆಯ ಅಕ್ಕಿಗೆ ಗೋದಾಮಿನ ಉಪಚಾರ ಆಗಿರುವುದಿಲ್ಲ. ಅದರಲ್ಲಿ ಏನಾದರೂ ಉಳಿದಿದ್ದರೆ ಅದು ಗದ್ದೆಯದು, ಇಲ್ಲವೇ ಮನೆಯ ದಾಸ್ತಾನಿನದು. ಬೆಳೆದವರ ಪರಿಚಯ ಇರುವಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ತೆನೆ ಬಂದ ಮೇಲೆ ಏನಾದರೂ ಸಿಂಪಡಿಸಿದ್ದೀರಾ? ನಾಟಿಯ ಹೊತ್ತಿಗೆ ಅಥವಾ ಪೈರು ಎಳೆಯದಾಗಿದ್ದಾಗ ಹಾಕಿದ ಔಷಧಿಯಲ್ಲಿ ಹೆಚ್ಚಿನದು ಬಿಸಿಲಿಗೆ, ಮಳೆಗೆ, ದಿನ ಕಳೆದಂತೆ ಒಡೆದುಹೋಗುತ್ತದೆ. ಆದರೆ ಗಂಧಿ ತಿಗಣೆ ಬರುವುದೇ ಕಾಳು ಹಾಲು ತುಂಬುವ ಹೊತ್ತಿನಲ್ಲಿ. ಅದಕ್ಕೆಂದು ಸಿಂಪಡಿಸಿದ್ದು ನೇರವಾಗಿ ತೆನೆಯ ಮೇಲೆ ಬೀಳುತ್ತದೆ, ಕೊಯ್ಲಿಗೆ ಉಳಿದ ದಿನಗಳೂ ಕಡಿಮೆ.

ಇಲ್ಲಿ ಗಡಿಯ ಸಂಗತಿಯೊಂದನ್ನು ಹೇಳಲೇಬೇಕು. 2011ರಲ್ಲಿ ಕೇರಳ ಸರಕಾರ ಕಾರ್ಬೋಫ್ಯುರಾನ್, ಫೋರೇಟ್, ಮೊನೋಕ್ರೊಟೊಫಾಸ್, ಪ್ಯಾರಾಕ್ವಾಟ್, ಭತ್ತದ ಬೆಂಕಿರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಸೇರಿದಂತೆ ಹತ್ತಕ್ಕೂ ಹೆಚ್ಚು ವಿಷಗಳನ್ನು ತನ್ನ ವ್ಯಾಪ್ತಿಯಲ್ಲಿ ನಿಷೇಧಿಸಿತು. ಅವುಗಳಲ್ಲಿ ಹಲವು ಉಳಿದ ರಾಜ್ಯಗಳಲ್ಲಿ ಆಮೇಲೂ ಮಾರಾಟದಲ್ಲಿದ್ದವು. ತಲಪಾಡಿಯ ಆಚೆ ಹೋದರೆ ಕಾನೂನು ಬದಲಾಗುತ್ತದೆ, ಆದರೆ ಅಕ್ಕಿ ಎರಡೂ ಕಡೆ ಓಡಾಡುತ್ತದೆ. ಕೇರಳದಲ್ಲಿ ಬಳಸಬಾರದ ಔಷಧಿ ಹಾಕಿ ಬೆಳೆದ ಅಕ್ಕಿಯನ್ನು ಕೇರಳದಲ್ಲಿ ಉಣ್ಣಬಾರದೆಂದು ಯಾವ ನಿಷೇಧವೂ ಹೇಳಲಾರದು. ಅಲ್ಲಿ ಅನ್ವಯಿಸುವುದು ಆಹಾರದಲ್ಲಿ ಶೇಷ ಎಷ್ಟಿರಬಹುದೆಂಬ ಮಿತಿ ಮಾತ್ರ.

ಮಿತಿ ಎಂದರೆ ಏನು, ಅಪಾಯ ಎಷ್ಟು

ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು ಒಂದೊಂದು ಕೀಟನಾಶಕಕ್ಕೂ ಒಂದೊಂದು ಆಹಾರದಲ್ಲಿ ಗರಿಷ್ಠ ಶೇಷ ಮಿತಿಯನ್ನು ಗೊತ್ತುಪಡಿಸುತ್ತದೆ. ಇದನ್ನು ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳಲಾಗುತ್ತದೆ. ಈ ಮಿತಿ ಆರೋಗ್ಯದ ಗೆರೆಯಲ್ಲ. ಶಿಫಾರಸಿನಂತೆ ಬಳಸಿದರೆ ಬೆಳೆಯಲ್ಲಿ ಎಷ್ಟು ಉಳಿಯಬಹುದೋ ಅದರ ಆಧಾರದಲ್ಲಿ ಅದನ್ನು ನಿಗದಿಪಡಿಸಿ, ಆಮೇಲೆ ಉಣ್ಣುವವರಿಗೆ ಅದು ಸುರಕ್ಷಿತವೇ ಎಂದು ತಾಳೆ ನೋಡುತ್ತಾರೆ. ಆರೋಗ್ಯದ ಅಳತೆಗೆ ಬೇರೆಯೇ ಸಂಖ್ಯೆ ಇದೆ: ಜೀವನಪೂರ್ತಿ ದಿನವೂ ಸೇವಿಸಿದರೂ ತೊಂದರೆಯಾಗದೆಂದು ಅಂದಾಜಿಸಿದ ಪ್ರಮಾಣ, ದೇಹದ ತೂಕದ ಕಿಲೋಗ್ರಾಮಿಗೆ ಇಷ್ಟೆಂದು.

ಲೆಕ್ಕ ಹಾಕಿ ನೋಡಿದರೆ ಭಯ ಎಲ್ಲಿರಬೇಕು, ಎಲ್ಲಿರಬೇಕಾಗಿಲ್ಲ ಎಂಬುದು ತಿಳಿಯುತ್ತದೆ. ಮೆಲಾಥಿಯಾನಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಒಪ್ಪಿದ ದೈನಂದಿನ ಪ್ರಮಾಣ ದೇಹತೂಕದ ಕಿಲೋಗ್ರಾಮಿಗೆ 0.3 ಮಿ.ಗ್ರಾಂ. 60 ಕಿಲೋ ತೂಕದವರಿಗೆ ಇದು ದಿನಕ್ಕೆ 18 ಮಿ.ಗ್ರಾಂ ಆಗುತ್ತದೆ. ಅವರು ದಿನಕ್ಕೆ 400 ಗ್ರಾಂ ಅಕ್ಕಿ ಉಣ್ಣುವವರಾಗಿದ್ದು, ಆ ಅಕ್ಕಿಯಲ್ಲಿ ಕಿಲೋಗೆ 1 ಮಿ.ಗ್ರಾಂ ಮೆಲಾಥಿಯಾನ್ ಇದ್ದರೂ ದೇಹಕ್ಕೆ ಹೋಗುವುದು 0.4 ಮಿ.ಗ್ರಾಂ. ಇನ್ನೊಂದು ಕೀಟನಾಶಕವಾದ ಕ್ಲೋರ್‌ಪೈರಿಫಾಸಿನ ಲೆಕ್ಕ ಹೀಗಿಲ್ಲ. ಅದೇ ಸಮಿತಿ ಅದಕ್ಕೆ ಕೊಟ್ಟ ಪ್ರಮಾಣ ಕಿಲೋಗ್ರಾಮಿಗೆ 0.01 ಮಿ.ಗ್ರಾಂ ಮಾತ್ರ. ಹತ್ತು ಕಿಲೋ ತೂಕದ ಮಗು ದಿನಕ್ಕೆ 100 ಗ್ರಾಂ ಅಕ್ಕಿಯ ಅನ್ನ ಉಂಡರೆ, ಆ ಅಕ್ಕಿಯಲ್ಲಿ ಕಿಲೋಗೆ 0.5 ಮಿ.ಗ್ರಾಂ ಕ್ಲೋರ್‌ಪೈರಿಫಾಸ್ ಇದ್ದರೆ, ಆ ದೈನಂದಿನ ಪ್ರಮಾಣದ ಅರ್ಧಭಾಗ ಅನ್ನದಿಂದಲೇ ತುಂಬುತ್ತದೆ. ತರಕಾರಿ, ಹಣ್ಣು, ಹಾಲು ಇನ್ನೂ ಬಾಕಿ. ಅಷ್ಟೇ ಅಲ್ಲ, 2019ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಎಳೆಯ ಮಿದುಳಿನ ಬೆಳವಣಿಗೆಯ ಮೇಲಿನ ಪರಿಣಾಮವನ್ನೂ ಪರಿಗಣಿಸಿ, ಕ್ಲೋರ್‌ಪೈರಿಫಾಸಿಗೆ ಸುರಕ್ಷಿತ ಮಟ್ಟವೊಂದನ್ನು ಗೊತ್ತುಪಡಿಸಲು ಸಾಧ್ಯವೇ ಇಲ್ಲ ಎಂದಿತು. ಮರುವರ್ಷ ಅಲ್ಲಿ ಅದರ ಬಳಕೆ ನಿಂತಿತು. ಗರ್ಭಿಣಿಯರು ಮತ್ತು ಸಣ್ಣ ಮಕ್ಕಳಿರುವ ಮನೆ ಹೆಚ್ಚು ಎಚ್ಚರ ವಹಿಸಬೇಕೆನ್ನುವುದು ಈ ಕಾರಣಕ್ಕೆ. ಮಗು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಉಣ್ಣುತ್ತದೆ.

ಕ್ಯಾನ್ಸರಿನ ಬಗ್ಗೆ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೆಲಾಥಿಯಾನ್ ಮತ್ತು ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಬಹುಶಃ ಕ್ಯಾನ್ಸರ್ ತರಬಲ್ಲವುಗಳ ಗುಂಪಿಗೆ ಸೇರಿಸಿತು. 2016ರಲ್ಲಿ ಮೇಲೆ ಹೇಳಿದ ಜಂಟಿ ಸಮಿತಿ, ಆಹಾರದ ಮೂಲಕ ಬರುವ ಪ್ರಮಾಣದಿಂದ ಇವು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಕಡಿಮೆ ಎಂದಿತು. ಮೊದಲನೆಯದು ವಸ್ತುವಿನ ಸ್ವಭಾವದ ಕುರಿತ ತೀರ್ಮಾನ. ಎರಡನೆಯದು ತಟ್ಟೆಗೆ ಬರುವ ಪ್ರಮಾಣದ ಕುರಿತದ್ದು. ಡಬ್ಬಿಯಿಂದ ಅಳೆದು ಬೆರೆಸಿ ಸಿಂಪಡಿಸುವವರಿಗೆ ಮೊದಲನೆಯದು ಹತ್ತಿರದ ಸತ್ಯ, ಉಣ್ಣುವವರಿಗೆ ಎರಡನೆಯದು. ಹಳೆಯ ಬಿ.ಎಚ್.ಸಿ., ಡಿ.ಡಿ.ಟಿ., ಎಂಡೋಸಲ್ಫಾನ್‌ಗಳಂಥ ಕ್ಲೋರಿನ್ ಗುಂಪಿನವು ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ನೆಲೆಸುತ್ತವೆ, ತಾಯಿಯ ಹಾಲಿಗೂ ಇಳಿಯುತ್ತವೆ. ಈಗ ಧಾನ್ಯಕ್ಕೆ ಬಳಸುವ ರಂಜಕ ಗುಂಪಿನವು (ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್‌ಗಳಂಥವು) ಮತ್ತು ಪೈರೆಥ್ರಾಯ್ಡ್‌ಗಳು (ಡೆಲ್ಟಾಮೆಥ್ರಿನ್‌ನಂಥವು) ದೇಹದಿಂದ ಬೇಗ ಹೊರಹೋಗುತ್ತವೆ. ಇದು ಸಮಾಧಾನದ ಸಂಗತಿ, ಆದರೆ ದಿನವೂ ಉಣ್ಣುವ ವಸ್ತುವಾದ್ದರಿಂದ ದಿನವೂ ಸ್ವಲ್ಪ ಮತ್ತೆ ಸೇರುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ತೊಳೆಯುವುದು, ಬೇಯಿಸುವುದು, ಬಸಿಯುವುದು

ಭತ್ತದ ಮೇಲೆ ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಹೊಟ್ಟಿನಲ್ಲಿಯೂ ಅದರ ಒಳಗಿನ ತೌಡಿನಲ್ಲಿಯೂ ಉಳಿಯುತ್ತದೆ. ಕೀಟನಾಶಕಗಳಲ್ಲಿ ಹಲವು ಎಣ್ಣೆಯಂಶದಲ್ಲಿ ಕರಗುವಂಥವು, ಕಾಳಿನ ಎಣ್ಣೆಯಂಶ ಇರುವುದು ತೌಡಿನಲ್ಲಿ. ಮಿಲ್ಲಿನಲ್ಲಿ ತೌಡು ತೆಗೆದಾಗ ಶೇಷದ ದೊಡ್ಡ ಭಾಗ ಅದರೊಡನೆ ಹೋಗುತ್ತದೆ. ಒಳ್ಳೆಯ ಸತ್ವವೂ ಹೋಗುತ್ತದೆ. ಆದ್ದರಿಂದ ತೌಡು ಉಳಿಸಿದ ಅಕ್ಕಿ ಆರೋಗ್ಯಕ್ಕೆ ಹಿತವೆಂದು ಎಲ್ಲಿಂದಲೋ ತಂದು ಉಣ್ಣುವುದರಲ್ಲಿ ಅರ್ಥವಿಲ್ಲ. ಬೆಳೆದವರು ಗೊತ್ತಿದ್ದರೆ ತೌಡಿರುವ ಅಕ್ಕಿ, ಗೊತ್ತಿಲ್ಲದಿದ್ದರೆ ಚೆನ್ನಾಗಿ ಪಾಲಿಶ್ ಆದ ಅಕ್ಕಿ: ಇದು ನನ್ನ ಅಭಿಪ್ರಾಯ. ತೌಡನ್ನು ದನಕ್ಕೆ ಹಾಕುವವರೂ ಅದು ಯಾವ ಮಿಲ್ಲಿನದು, ಎಲ್ಲಿಯ ಭತ್ತದ್ದು ಎಂದು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಕೊಬ್ಬಿನಲ್ಲಿ ಕರಗುವಂಥದ್ದು ಹಾಲಿನ ದಾರಿಯಲ್ಲಿ ಮತ್ತೆ ಮನೆಗೇ ಬರುತ್ತದೆ.

ತೊಳೆಯುವಾಗ ಅಗಲ ಪಾತ್ರೆಯಲ್ಲಿ ಧಾರಾಳ ನೀರು ಹಾಕಿ, ಅಂಗೈಯಿಂದ ಹಗುರಾಗಿ ಉಜ್ಜಿ, ಮೊದಲ ನೀರನ್ನು ಕೂಡಲೇ ಚೆಲ್ಲಬೇಕು. ಹೊರಮೈಯ ದೂಳು, ಚೀಲದಿಂದ ಅಂಟಿದ ಔಷಧಿಯ ಪುಡಿ, ಉಳಿದ ತೌಡು ಬಹುಮಟ್ಟಿಗೆ ಈ ಮೊದಲ ನೀರಿನಲ್ಲಿ ಹೋಗುತ್ತವೆ. ಅಕ್ಕಿ ಅದರಲ್ಲಿ ನೆನೆದರೆ ಹೋದದ್ದು ಮತ್ತೆ ಒಳಸೇರಬಹುದು. ನೀರು ತಿಳಿಯಾಗುವ ವರೆಗೆ ಮತ್ತೆ ಎರಡು ಮೂರು ಬಾರಿ ತೊಳೆದರೆ ಸಾಕು. ಮೊದಲ ತೊಳೆದ ನೀರನ್ನು ಅಕ್ಕಚ್ಚಿನ ಬಾಲ್ದಿಗೆ ಸುರಿಯುವ ವಾಡಿಕೆಯನ್ನು ರೇಷನ್ ಅಕ್ಕಿಯ ಮಟ್ಟಿಗಾದರೂ ಬಿಟ್ಟು, ಎರಡನೆಯ ನೀರಿನಿಂದ ದನಕ್ಕೆ ತೆಗೆಯಬಹುದು. ತರಕಾರಿ ತೊಳೆಯಲು ಸಾಮಾನ್ಯವಾಗಿ ಹೇಳುವ ಹುಣಿಸೆನೀರು, ಉಪ್ಪುನೀರು, ವಿನೆಗರ್‌ಗಳನ್ನು ಅಕ್ಕಿಗೆ ಬಳಸಬೇಕಾಗಿಲ್ಲ. ಸಾಬೂನು ದ್ರಾವಣವನ್ನಂತೂ ಬಳಸಲೇಬಾರದು, ಕಾಳು ಅದನ್ನು ಹೀರಿಕೊಳ್ಳುತ್ತದೆ. ತೊಳೆಯುವುದರಿಂದ ಹೊರಮೈಯಲ್ಲಿ ಇರುವುದು ಮಾತ್ರ ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ ಎಂಬ ಮಿತಿಯನ್ನೂ ತಿಳಿದಿರಬೇಕು. ರೇಷನ್ ಅಕ್ಕಿಯಲ್ಲಿ ನಡುನಡುವೆ ಬೇರೆ ಛಾಯೆಯ ಕಾಳುಗಳು ಕಂಡರೆ ಅದು ವಿಷವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ: ಕಬ್ಬಿಣದಂಶ ಮತ್ತು ವಿಟಮಿನ್ ಸೇರಿಸಿದ ಸಾರವರ್ಧಿತ ಕಾಳುಗಳು. ಆರಿಸಿ ಎಸೆಯಬೇಡಿ.

ಬೇಯಿಸುವ ವಿಷಯದಲ್ಲಿ ಕುಚ್ಚಲಕ್ಕಿ ಉಣ್ಣುವ ನಮ್ಮ ಕಡೆಯವರಿಗೆ ಅನುಕೂಲವೊಂದಿದೆ. ಹೆಚ್ಚು ನೀರಿಟ್ಟು ಕುದಿಸಿ, ತಿಳಿ ಬಸಿದು ಅನ್ನ ಮಾಡುವ ಪದ್ಧತಿಯಲ್ಲಿ ನೀರಿಗೆ ಬಿಟ್ಟುಕೊಂಡ ಶೇಷದ ಒಂದು ಪಾಲು ತಿಳಿಯೊಡನೆ ಹೊರಹೋಗುತ್ತದೆ, ಕಾಯಿಸುವಿಕೆಯಿಂದ ರಂಜಕ ಗುಂಪಿನ ವಿಷಗಳಲ್ಲಿ ಕೆಲವು ಒಡೆಯುತ್ತವೆ. ಕುಕ್ಕರಿನಲ್ಲಿ ಅಳತೆಯ ನೀರಿಟ್ಟು ಮಾಡಿದ ಅನ್ನದಲ್ಲಿ ಹೊರಹೋಗಲು ದಾರಿಯೇ ಇರುವುದಿಲ್ಲ. ಬಸಿಯುವುದರಿಂದ ಬಿ ಗುಂಪಿನ ವಿಟಮಿನ್‌ಗಳೂ ಸ್ವಲ್ಪ ನಷ್ಟವಾಗುತ್ತವೆಂಬುದು ನಿಜ. ಹಾಗಾಗಿ ಮೂಲ ತಿಳಿಯದ ಅಕ್ಕಿಯನ್ನು ಬಸಿದು, ಪರಿಚಯದವರ ಗದ್ದೆಯ ಅಕ್ಕಿಯಿಂದ ಗಂಜಿ ಮಾಡಿ ತಿಳಿಸಮೇತ ಉಣ್ಣುವುದು ಒಳ್ಳೆಯ ಹೊಂದಾಣಿಕೆ. ಮಗುವಿಗೆ ಗಂಜಿಯ ತಿಳಿ ಕುಡಿಸುವ ಮನೆಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಗೋಧಿಯ ಕಥೆ ಇನ್ನೂ ಸರಳ. ಹಿಟ್ಟನ್ನು ತೊಳೆಯಲಾಗದು. ಸಮಯ ಇರುವವರು ಇಡೀ ಗೋಧಿ ಕೊಂಡು, ತೊಳೆದು, ಒಳ್ಳೆಯ ಬಿಸಿಲಿಗೆ ಗರಿಯಾಗುವಂತೆ ಒಣಗಿಸಿ ಗಿರಣಿಗೆ ಕೊಡಬಹುದು. ಮಳೆಗಾಲದಲ್ಲಿ ಇದಕ್ಕೆ ಕೈಹಾಕದಿರುವುದೇ ಕ್ಷೇಮ, ಅರೆಒಣಗಿದ ಗೋಧಿಗೆ ಬರುವ ಬೂಷ್ಟು ಕೀಟನಾಶಕದ ಶೇಷಕ್ಕಿಂತ ಕೆಟ್ಟದ್ದು.

ಮನೆಯ ದಾಸ್ತಾನು: ನಿಜವಾದ ಅಪಾಯ ಇರುವ ಜಾಗ

ಇಷ್ಟು ಹೊತ್ತು ಹೇಳಿದ್ದು ಮಿಲಿಗ್ರಾಮುಗಳ ಲೆಕ್ಕ. ಮನೆಯೊಳಗೆ ನಡೆಯುವ ತಪ್ಪುಗಳು ಗ್ರಾಮುಗಳ ಲೆಕ್ಕದವು. ಆಹಾರದ ಮೂಲಕ ಕೀಟನಾಶಕ ಹೊಕ್ಕು ಜನ ಸತ್ತ ದೊಡ್ಡ ಪ್ರಕರಣಗಳನ್ನು ನೋಡಿದರೆ, ಅವು ಬೆಳೆಯ ಮೇಲೆ ಉಳಿದ ಶೇಷದಿಂದ ಆದವಲ್ಲ. 1971–72ರಲ್ಲಿ ಇರಾಕಿನಲ್ಲಿ ಬಿತ್ತನೆಗೆಂದು ಪಾದರಸದ ಶಿಲೀಂಧ್ರನಾಶಕ ಲೇಪಿಸಿದ ಗೋಧಿಯಿಂದ ಜನ ರೊಟ್ಟಿ ಮಾಡಿ ತಿಂದರು. ಆರು ಸಾವಿರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಅಲ್ಲಿನ ಆಸ್ಪತ್ರೆಗಳಲ್ಲಿ ದಾಖಲಾದ ಸಾವುಗಳೇ 459. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೋಕ್ರೊಟೊಫಾಸ್ ಸೇರಿತ್ತು. 1958ರ ಗೋಧಿ ಹಿಟ್ಟೂ ಇದೇ ಸಾಲಿನದು. ವಿಷವನ್ನೂ ಆಹಾರವನ್ನೂ ಒಂದೇ ಕಡೆ ಇಡುವುದು, ಒಂದರ ಪಾತ್ರೆಯನ್ನು ಇನ್ನೊಂದಕ್ಕೆ ಬಳಸುವುದು, ಬಿತ್ತುವುದನ್ನು ಉಣ್ಣುವುದು: ಈ ಮೂರನ್ನು ತಡೆದರೆ ಅತಿ ದೊಡ್ಡ ಅಪಾಯವನ್ನು ತಡೆದಂತೆಯೇ.

ಅಡಕೆ ತೋಟವಿರುವ ಮನೆಗಳಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಮೈಲುತುತ್ತು, ಕಳೆನಾಶಕ, ಗೆದ್ದಲಿನ ಔಷಧಿ ಎಲ್ಲವೂ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಅಕ್ಕಿ ಡ್ರಮ್ಮು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಇರುವುದು ಅಪರೂಪವೇನಲ್ಲ. ಔಷಧಿಗೆ ಬೀಗವಿರುವ, ಮನೆಗೆ ಹೊರತಾದ ಜಾಗ ಬೇಕು. ಖಾಲಿ ಕ್ಯಾನನ್ನು ಎಷ್ಟು ತೊಳೆದರೂ ಅಕ್ಕಿಗೆ, ಎಣ್ಣೆಗೆ, ಕುಡಿಯುವ ನೀರಿಗೆ ಬಳಸಬಾರದು. ತೂತು ಮಾಡಿಯೇ ಇಡಬೇಕು, ಇಲ್ಲದಿದ್ದರೆ ಯಾರೋ ಒಬ್ಬರು ಉಪಯೋಗಕ್ಕೆ ಬಂದೀತೆಂದು ತೆಗೆದುಕೊಳ್ಳುತ್ತಾರೆ. ಔಷಧಿಯನ್ನು ಅಳೆಯಲು ಅಡುಗೆಮನೆಯ ಲೋಟ, ಚಮಚ ತಂದರೆ ಅವು ಮತ್ತೆ ಅಡುಗೆಮನೆಗೆ ಹೋಗಬಾರದು. ಔಷಧಿ ಹಾಕಿ ಬಣ್ಣ ಕೊಟ್ಟ ಬಿತ್ತನೆ ಭತ್ತ ಮಿಕ್ಕಿದರೆ ಅದನ್ನು ತೊಳೆದು ಕುಟ್ಟುವುದಾಗಲಿ, ಕೋಳಿಗೆ ಹಾಕುವುದಾಗಲಿ ಸಲ್ಲದು.

ಹುಳದ ಕಾಟಕ್ಕೆಂದು ಮಾತ್ರೆ ತಂದಿಡುವವರಿದ್ದಾರೆ. ಅಲ್ಯುಮಿನಿಯಂ ಫಾಸ್ಫೈಡನ್ನು ಸಾಮಾನ್ಯ ಮನೆಯವರಿಗೆ ಮಾರಲು ಅನುಮತಿ ಇಲ್ಲ. ಅದು ಸರಕಾರಿ ಸಂಸ್ಥೆಗಳಿಗೆ ಮತ್ತು ಪರವಾನಗಿ ಪಡೆದ ಕೀಟನಿಯಂತ್ರಣದವರಿಗೆ ಮೀಸಲು. ಆದರೂ ಎಲ್ಲಿಂದಲೋ ಸಿಗುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅಕ್ಕಿ ಇರುವ ಕೋಣೆಯಲ್ಲಿ ಅದನ್ನು ಇಟ್ಟು, ಪಕ್ಕದ ಕೋಣೆಯಲ್ಲಿ ಮಲಗಿದವರು ಬೆಳಗಾಗುವಷ್ಟರಲ್ಲಿ ಸತ್ತ ಘಟನೆಗಳು ದೇಶದಲ್ಲಿ ಮರುಕಳಿಸುತ್ತಲೇ ಇವೆ. ಫಾಸ್ಫೀನಿಗೆ ಪ್ರತ್ಯೌಷಧಿ ಇಲ್ಲ. ಮನೆಯಲ್ಲಿ ಅಂಥ ಮಾತ್ರೆ ಇರುವುದು ತಿಳಿದರೆ ನೀರು ಹಾಕಿ ನಾಶಮಾಡಲು ಹೋಗಬೇಡಿ, ನೀರು ತಾಗಿದರೆ ಅನಿಲ ಒಮ್ಮೆಲೇ ಹೊರಡುತ್ತದೆ. ಎಲ್ಲರೂ ಹೊರಬಂದು, ಬಾಗಿಲು ಕಿಟಕಿ ತೆರೆದು, ಅಗ್ನಿಶಾಮಕ ದಳದವರಿಗೆ ತಿಳಿಸಿ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಅದರ ಗುರುತು, ಆದರೆ ವಾಸನೆ ಇಲ್ಲವೆಂದು ಅನಿಲವೂ ಇಲ್ಲವೆಂದುಕೊಳ್ಳಬಾರದು. ಇರುವೆಗೆಂದು ಚಾಕ್‌ನಿಂದ ಡ್ರಮ್ಮಿನ ಬಾಯಿಯ ಸುತ್ತ ಗೆರೆ ಎಳೆಯುವುದು, ಬೋರಿಕ್ ಪುಡಿಯನ್ನು ಅಕ್ಕಿಗೇ ಬೆರೆಸುವುದು ಇವೂ ಬಿಡಬೇಕಾದ ಅಭ್ಯಾಸಗಳು. ಆ ಚಾಕ್‌ನಲ್ಲಿ ಇರುವುದು ಪೈರೆಥ್ರಾಯ್ಡ್ ವಿಷ. ಗೆರೆ ಎಳೆಯಲೇಬೇಕಾದರೆ ಡ್ರಮ್ಮು ಇಟ್ಟ ಸ್ಟೂಲಿನ ಕಾಲಿನ ಬುಡದಲ್ಲಿ ನೆಲದ ಮೇಲೆ ಎಳೆಯಬಹುದು.

ಹಾಗಾದರೆ ಹುಳಕ್ಕೆ ಏನು ಮಾಡಬೇಕು? ಹುಳಕ್ಕೂ ಬೂಷ್ಟಿಗೂ ಬೇಕಾದದ್ದು ತೇವ, ಮತ್ತು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಈ ಜಿಲ್ಲೆಯಲ್ಲಿ ತೇವವನ್ನು ತಡೆಯುವುದೇ ಮುಖ್ಯ ಕೆಲಸ. ಭತ್ತವನ್ನು ತೇವಾಂಶ ನೂರಕ್ಕೆ 12–13ಕ್ಕೆ ಇಳಿಯುವ ವರೆಗೆ ಒಣಗಿಸಬೇಕು. ಅಳೆಯುವ ಯಂತ್ರ ಇಲ್ಲದವರಿಗೆ ಉಪ್ಪಿನ ಪರೀಕ್ಷೆ ಇದೆ: ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು ಮತ್ತು ಕೆಲವು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಕುಲುಕಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ನೂರಕ್ಕೆ 15ಕ್ಕಿಂತ ಮೇಲಿದೆ, ಮತ್ತೊಂದು ಬಿಸಿಲು ಬೇಕು. ಹಲ್ಲಿನಿಂದ ಕಚ್ಚಿ ನೋಡುವ ಹಿರಿಯರ ರೀತಿಯೂ ತಕ್ಕಮಟ್ಟಿಗೆ ಸರಿಯೇ, ಒಣಗಿದ ಕಾಳು ಜಜ್ಜಿಹೋಗದೆ ಕಟ್ಟನೆ ಮುರಿಯುತ್ತದೆ.

ಕೊಂಡು ತರುವ ಅಕ್ಕಿಯನ್ನು ಮಳೆಗಾಲದಲ್ಲಿ ಹದಿನೈದು ಇಪ್ಪತ್ತು ದಿನಕ್ಕೆ ಸಾಕಾಗುವಷ್ಟೇ ತನ್ನಿ. ಚೀಲ ತಂದ ಕೂಡಲೇ ಡ್ರಮ್ಮಿಗೆ ಸುರಿಯದೆ, ಗಾಳಿಯಾಡುವ ಚಾವಡಿಯಲ್ಲಿ ಶುಭ್ರ ಬಟ್ಟೆಯ ಮೇಲೆ ಕೆಲವು ಗಂಟೆ ಹರಡಿ, ಆಮೇಲೆ ತುಂಬಿಸಿ. ಉಳಿದಿರಬಹುದಾದ ಅನಿಲ ಇದರಿಂದ ಹೋಗುತ್ತದೆ. ಗೆರಸಿಯಲ್ಲಿ ಒಮ್ಮೆ ಕೇರಿದರೆ ದೂಳೂ ಹೋಗುತ್ತದೆ. ಗಾಳಿಯಾಡದ ಮುಚ್ಚಳವಿರುವ ಡಬ್ಬಿಯನ್ನು ಬಾಯಿಮಟ್ಟ ತುಂಬಿಸಬೇಕು, ಒಳಗೆ ಗಾಳಿ ಕಡಿಮೆಯಾದಷ್ಟೂ ಹುಳಕ್ಕೆ ಉಸಿರಾಡಲು ಇರುವುದಿಲ್ಲ. ದೊಡ್ಡ ಡ್ರಮ್ಮಿನ ತಳದಲ್ಲಿ ಹಳೆಯದನ್ನು ಬಿಟ್ಟು ಮೇಲೆ ಹೊಸತನ್ನು ಸುರಿಯುವುದರಿಂದಲೇ ಹುಳ ಮನೆಯಲ್ಲಿ ಬೇರೂರುತ್ತದೆ. ಸಣ್ಣ ಪ್ರಮಾಣದ ಹಿಟ್ಟು, ರವೆ, ಬೇಳೆಗಳನ್ನು ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟು ತೆಗೆದರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಡಬ್ಬಿ ಕೋಣೆಯ ಬಿಸಿಗೆ ಬರುವ ವರೆಗೆ ಮುಚ್ಚಳ ತೆರೆಯಬಾರದು, ಇಲ್ಲವಾದರೆ ನೀರ ಹನಿ ಕೂಡುತ್ತದೆ. ಒಣಗಿಸಿದ ಲಕ್ಕಿ ಸೊಪ್ಪು, ಬೇವಿನ ಸೊಪ್ಪು, ಒಣಮೆಣಸು ಹುಳವನ್ನು ದೂರವಿಡಲು ಸ್ವಲ್ಪ ಸಹಾಯ ಮಾಡುತ್ತವೆ, ಆದರೆ ಒಳಗೆ ಆಗಲೇ ಇರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಸಿ ಸೊಪ್ಪು ಹಾಕಿದರೆ ತೇವ ಹೆಚ್ಚಿಸಿದಂತಾಗುತ್ತದೆ. ಹುಳ ಕಂಡ ಅಕ್ಕಿಯನ್ನು ಕೇರಿ, ಬಿಸಿಲಿಗೆ ಹಾಕಿ, ತೊಳೆದು ಉಂಡರೆ ತೊಂದರೆಯೇನೂ ಇಲ್ಲ. ಹುಳವೇ ಬಾರದ ಅಕ್ಕಿಯನ್ನು ಕಂಡು ಮೆಚ್ಚುವ ಬದಲು ಕಾರಣ ವಿಚಾರಿಸುವುದು ಲೇಸು.

ಗದ್ದೆ ಇರುವವರಿಗೆ

ಕಾಸರಗೋಡಿನಲ್ಲಿ ಭತ್ತ ಬೆಳೆಯುವವರು ಕಡಿಮೆಯಾಗಿ, ಬೆಳೆಯುವವರಲ್ಲಿ ಹೆಚ್ಚಿನವರು ಮನೆಯ ಊಟಕ್ಕೇ ಬೆಳೆಯುವುದರಿಂದ ಅವರಿಗೆ ದೀರ್ಘವಾಗಿ ಹೇಳಬೇಕಾದ್ದಿಲ್ಲ. ಔಷಧಿ ಕೊಳ್ಳಲೇಬೇಕಾದರೆ ಲೇಬಲ್ಲಿನ ವಜ್ರಾಕಾರದ ಚೌಕವನ್ನು ನೋಡಿ: ಅದರ ಕೆಳಭಾಗ ಕೆಂಪಾಗಿದ್ದರೆ ಅತ್ಯುಗ್ರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು. ಸಿಂಪಡಿಸಿದ ದಿನಕ್ಕೂ ಕೊಯ್ಲಿಗೂ ನಡುವೆ ಇಷ್ಟು ದಿನ ಕಾಯಬೇಕೆಂದು ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ; ಅಷ್ಟು ದಿನ ಇಲ್ಲದಿದ್ದರೆ ಸಿಂಪಡಿಸಬಾರದು, ಮಳೆ ಬಂದು ತೊಳೆದೀತೆಂದು ನಂಬಬಾರದು. ಎರಡು ಮೂರು ಔಷಧಿಗಳನ್ನು ಒಂದೇ ಪಂಪಿನಲ್ಲಿ ಬೆರೆಸುವುದರಿಂದ ಕೀಟಕ್ಕಿಂತ ಸಿಂಪಡಿಸುವವನಿಗೇ ಹೆಚ್ಚು ಹಾನಿ. ಗಂಧಿ ತಿಗಣೆ ಕಂಡೊಡನೆ ಪಂಪು ಹೊರುವ ಬದಲು, ಬೆಳಗ್ಗೆ ಅಥವಾ ಸಂಜೆ ಬಲೆ ಬೀಸಿ ಹಿಡಿಯುವುದು, ಬದುವಿನ ಕಳೆಹುಲ್ಲು ತೆಗೆಯುವುದು, ಬೈಲಿನವರೆಲ್ಲ ಒಂದೇ ಸಮಯಕ್ಕೆ ನಾಟಿ ಮಾಡುವುದು ಸಣ್ಣ ಗದ್ದೆಗೆ ಸಾಧ್ಯವಿರುವ ಮಾತು. ಪಂಚಾಯತಿನ ಕೃಷಿ ಭವನದಲ್ಲಿ ಸಲಹೆ ಉಚಿತ. ಸ್ಥಳೀಯ ತಳಿಗಳ ಬೀಜ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೆಳೇರಿಯವರು ಇದೇ ಜಿಲ್ಲೆಯ ರೈತರು, ಅವರಂತೆ ಬೀಜ ಕಾಪಾಡುವವರು ಗಡಿಯ ಎರಡೂ ಕಡೆ ಇದ್ದಾರೆ.

ಸಂಶಯ ಬಂದಾಗ

ಬಣ್ಣ, ವಾಸನೆ, ರುಚಿಯಿಂದ ಕೀಟನಾಶಕದ ಶೇಷವನ್ನು ಗುರುತಿಸಲು ಆಗುವುದಿಲ್ಲ. ಮೊಬೈಲಿನಲ್ಲಿ ಓಡಾಡುವ ಮನೆಪರೀಕ್ಷೆಗಳು ಇದಕ್ಕೆ ಸಲ್ಲುವುದಿಲ್ಲ. ಒಂದೇ ಊಟ ಮಾಡಿದ ಹಲವರಲ್ಲಿ ಕೆಲವೇ ಹೊತ್ತಿನಲ್ಲಿ ವಿಪರೀತ ಬೆವರು, ಜೊಲ್ಲು, ವಾಂತಿ, ಭೇದಿ, ಸ್ನಾಯುಗಳ ಅದುರು, ಉಸಿರಿನ ಕಷ್ಟ ಕಾಣಿಸಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ರಂಜಕ ಗುಂಪಿನ ವಿಷವೆಂದು ಶಂಕಿಸಬೇಕು. ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆಮಾಡಿ. ಉಳಿದ ಆಹಾರವನ್ನೂ, ಮನೆಯಲ್ಲಿರುವ ಔಷಧಿಯ ಲೇಬಲ್ಲನ್ನೂ ಜತೆಗೆ ಒಯ್ಯಿರಿ. ಈ ಗುಂಪಿನ ವಿಷಕ್ಕೆ ಅಟ್ರೊಪಿನ್ ಚಿಕಿತ್ಸೆ ಇದೆ, ಬೇಗ ತಲಪಿದರೆ ಬದುಕಿಸಬಹುದು.

ತುರ್ತು ಇಲ್ಲದ ಸಂಶಯಕ್ಕೆ ಆಹಾರ ಸುರಕ್ಷತೆ ಮತ್ತು ಮಾನಕ ಕಾಯಿದೆ, 2006ರ 40ನೆಯ ವಿಧಿ ನೆರವಾಗುತ್ತದೆ: ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಕೊಂಡವರಿಗೆ ಇದೆ. ಕೇರಳ ಕೃಷಿ ವಿಶ್ವವಿದ್ಯಾಲಯವು ತಿರುವನಂತಪುರದ ವೆಳ್ಳಾಯಣಿಯಲ್ಲಿ ಕೀಟನಾಶಕ ಶೇಷ ಪರೀಕ್ಷೆಯ ಪ್ರಯೋಗಾಲಯವನ್ನು ನಡೆಸುತ್ತದೆ. ಒಂದು ಮನೆಯ ಒಂದು ಚೀಲಕ್ಕೆ ಇಷ್ಟು ಖರ್ಚು ಮಾಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಅಂಗನವಾಡಿ, ಶಾಲೆ, ನಿತ್ಯ ಅನ್ನದಾನ ನಡೆಯುವ ದೇವಸ್ಥಾನಗಳಂಥ ಕಡೆ, ದೊಡ್ಡ ದಾಸ್ತಾನು ಒಂದೇ ಮೂಲದಿಂದ ಬರುವಲ್ಲಿ, ಅದು ಅರ್ಥಪೂರ್ಣ. ಮಾದರಿ ತೆಗೆಯುವಾಗ ಒಂದೇ ಚೀಲದ ಮೇಲ್ಭಾಗದಿಂದ ತೆಗೆಯದೆ, ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ತೊಳೆಯದೆ, ಬಿಸಿಲಿಗೆ ಹಾಕದೆ, ಹೊಸ ಶುಭ್ರ ಚೀಲದಲ್ಲಿ ಕಟ್ಟಿ, ಅರ್ಧ ಭಾಗವನ್ನು ಮನೆಯಲ್ಲಿ ಮೊಹರು ಮಾಡಿ ಉಳಿಸಿಕೊಳ್ಳಬೇಕು. ಬಿಲ್ಲು ಮತ್ತು ಚೀಲದ ಮೇಲಿನ ಬ್ಯಾಚ್ ಸಂಖ್ಯೆಯ ಚಿತ್ರ ಜತೆಗಿರಲಿ. ಯಾವ ಗುಂಪಿನ ವಿಷವನ್ನು ನೋಡಬೇಕೆಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ, ಹಲವು ಶೇಷಗಳ ಪರೀಕ್ಷೆಯಲ್ಲಿ ಫಾಸ್ಫೀನ್ ಸೇರಿರುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು. ವರದಿಯಲ್ಲಿ ಮಿತಿ ಮೀರಿರುವುದು ಕಂಡರೆ ಜಿಲ್ಲೆಯ ಆಹಾರ ಸುರಕ್ಷಾ ಅಧಿಕಾರಿಗೆ ಲಿಖಿತ ದೂರು ಕೊಡಿ. ಕಾಸರಗೋಡು ತಾಲೂಕಿನಲ್ಲಿಯೂ ಮಂಜೇಶ್ವರ ತಾಲೂಕಿನಲ್ಲಿಯೂ ದೂರನ್ನು ಕನ್ನಡದಲ್ಲಿಯೇ ಬರೆಯಬಹುದು, ಸ್ವೀಕೃತಿ ಪಡೆಯುವುದನ್ನು ಮಾತ್ರ ಮರೆಯಬಾರದು.